ಗಾಳಿ ಏಳುವ ಮೊದಲೇ ಆಗಿಹೋಗುವ ತೀರ್ಮಾನ

(ಶಿವಮೊಗ್ಗದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಮಲೆನಾಡಿನಲ್ಲಿ ನಿಂತು ಚಂಡಮಾರುತದ ಬಗ್ಗೆ ಯಾಕೆ ಮಾತು ಅಂತ ಕೆಲವರು ಕೇಳಿದರು. ನಮ್ಮ ಜಿಲ್ಲೆಗೆ ಕಡಲಿಲ್ಲ, ನಿಜ. ಆದರೆ ನಮ್ಮ ಮಳೆ ನೀರು ಎರಡೂ ಕಡಲಿಗೆ ಹೋಗುತ್ತದೆ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಹೊನ್ನಾವರದಲ್ಲಿ ಅರಬ್ಬಿ ಸಮುದ್ರ ಸೇರುತ್ತದೆ. ಈ ಊರಿನ ಮಗ್ಗುಲಲ್ಲಿ ಹರಿಯುವ ತುಂಗೆ ಕೂಡಲಿಯಲ್ಲಿ ಭದ್ರೆಯನ್ನು ಸೇರಿ, ಆಮೇಲೆ ಕೃಷ್ಣೆಯಲ್ಲಿ ಬೆರೆತು, ಆಂಧ್ರದ ದಿವಿಸೀಮೆಯ ಹತ್ತಿರ ಬಂಗಾಳ ಕೊಲ್ಲಿಗೆ ಇಳಿಯುತ್ತದೆ. 1977ರ ನವೆಂಬರ್ 19ರಂದು ಅದೇ ದಿವಿಸೀಮೆಗೆ ಚಂಡಮಾರುತ ಬಡಿಯಿತು. ಕಡಲು ಐದು ಮೀಟರ್‌ನಷ್ಟು ಎದ್ದು ಊರುಗಳ ಮೇಲೆ ಬಂತು. ಕಡಿಮೆ ಅಂದರೂ ಹತ್ತು ಸಾವಿರ ಜನ ಸತ್ತರು.

ಇನ್ನೊಂದು ಕಾರಣವೂ ಇದೆ. ಈ ಸಭೆಯಲ್ಲಿ ಕೂತಿರುವ ಎಷ್ಟೋ ಜನರ ಮಕ್ಕಳು ಅಮೆರಿಕದ ಹ್ಯೂಸ್ಟನ್ನಿನಲ್ಲಿ, ಟ್ಯಾಂಪಾದಲ್ಲಿ ಇದ್ದಾರೆ. ಇನ್ನು ಕೆಲವರು ಘಟ್ಟದ ಕೆಳಗೆ ಕಡಲ ಪಕ್ಕ ಒಂದು ಸೈಟು ಮಾಡಿದ್ದಾರೆ, ಅಥವಾ ಮಾಡುವ ಯೋಚನೆಯಲ್ಲಿದ್ದಾರೆ. ನಿವೃತ್ತಿ ಆದಮೇಲೆ ಒಂದು ಮನೆ, ಇಲ್ಲವೇ ಒಂದು ಹೋಂಸ್ಟೇ. ಹಾಗಾಗಿ ಇದು ನಮ್ಮದೇ ಮಾತು.

ಚಂಡಮಾರುತ ಹುಟ್ಟುವ ಬಗೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಕಡಲಿನ ಮೇಲ್ಭಾಗದ ನೀರು ಸುಮಾರು 26.5 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿ ಇರಬೇಕು. ಆ ನೀರು ಆವಿಯಾಗಿ ಮೇಲೇರಿ ಮೋಡವಾಗುವಾಗ ಒಳಗಿನ ಶಾಖ ಬಿಟ್ಟುಕೊಡುತ್ತದೆ. ಆ ಶಾಖದಿಂದ ಗಾಳಿ ಇನ್ನೂ ಮೇಲೇರುತ್ತದೆ, ಕೆಳಗೆ ಒತ್ತಡ ಕಡಿಮೆಯಾಗುತ್ತದೆ, ಸುತ್ತಲಿನ ಗಾಳಿ ಅಲ್ಲಿಗೆ ನುಗ್ಗುತ್ತದೆ. ಭೂಮಿ ತಿರುಗುವುದರಿಂದ ಆ ಗಾಳಿ ಸುತ್ತತೊಡಗುತ್ತದೆ. ಅಟ್ಲಾಂಟಿಕ್‌ನಲ್ಲಿ ಅದಕ್ಕೆ ಹರಿಕೇನ್ ಅನ್ನುತ್ತಾರೆ, ನಮ್ಮಲ್ಲಿ ಸೈಕ್ಲೋನ್. ಎರಡೂ ಒಂದೇ.

ಜನ ಹೆದರುವುದು ಗಾಳಿಗೆ. ಆದರೆ ಇತಿಹಾಸದ ದೊಡ್ಡ ಚಂಡಮಾರುತಗಳಲ್ಲಿ ಜಾಸ್ತಿ ಜನರನ್ನು ಕೊಂದಿದ್ದು ನೀರು. ಅಗಲವಾದ ತಟ್ಟೆಗೆ ನೀರು ಹಾಕಿ ಒಂದು ಬದಿಯಿಂದ ಜೋರಾಗಿ ಊದಿ ನೋಡಿ. ನೀರು ಎದುರು ಬದಿಯ ಅಂಚಿಗೆ ಏರುತ್ತದೆ. ಚಂಡಮಾರುತವೂ ನೂರಾರು ಕಿಲೋಮೀಟರ್ ಉದ್ದಕ್ಕೆ ಕಡಲನ್ನು ಹೀಗೇ ದಡಕ್ಕೆ ತಳ್ಳುತ್ತದೆ. ದಡದ ಹತ್ತಿರ ಕಡಲು ಆಳವಿಲ್ಲದಿದ್ದರೆ ನೀರಿಗೆ ಹಿಂದೆ ಹೋಗಲು ಜಾಗ ಸಿಗುವುದಿಲ್ಲ, ಮೇಲೇ ಏರಬೇಕು. ಅದೇ ಹೊತ್ತಿಗೆ ದಿನದ ಉಬ್ಬರವೂ ಇದ್ದರೆ ಮುಗಿಯಿತು. ಇದು ದೊಡ್ಡ ಅಲೆಯಲ್ಲ. ಕಡಲಿನ ಮಟ್ಟವೇ ಗಂಟೆಗಟ್ಟಲೆ ಎತ್ತರದಲ್ಲಿ ನಿಂತುಬಿಡುತ್ತದೆ, ಅದರ ಮೇಲೆ ಅಲೆಗಳು ಬೇರೆ. 1970ರ ನವೆಂಬರ್‌ನಲ್ಲಿ ಈಗಿನ ಬಾಂಗ್ಲಾದೇಶದಲ್ಲಿ ಹೀಗೆ ಎದ್ದ ನೀರು ಮೂರು ಲಕ್ಷಕ್ಕೂ ಹೆಚ್ಚು ಜನರ ಪ್ರಾಣ ತೆಗೆಯಿತು.

ಈಗ ಒಂದು ಊರಿನ ಕತೆ ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ. ಆದರೆ ಕಡಲ ತೀರದಲ್ಲಿ ಕಟ್ಟುವ ವಿಷಯದಲ್ಲಿ ನನಗೆ ಇದಕ್ಕಿಂತ ದೊಡ್ಡ ಪಾಠ ಸಿಕ್ಕಿಲ್ಲ.

ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ಗ್ಯಾಲ್ವೆಸ್ಟನ್ ಅನ್ನುವ ಊರಿದೆ. ಉದ್ದನೆಯ ಮರಳಿನ ದ್ವೀಪದ ಮೇಲಿನ ಊರು. 1900ರಲ್ಲಿ ಅದು ಶ್ರೀಮಂತ ಬಂದರು, ಹತ್ತಿ ವ್ಯಾಪಾರದ ಕೇಂದ್ರ. ಊರಿನ ಅತಿ ಎತ್ತರದ ಜಾಗವೂ ಕಡಲಿಗಿಂತ ಮೂರು ಮೀಟರ್ ಮೇಲಿರಲಿಲ್ಲ. ಅದೇ ಕರಾವಳಿಯಲ್ಲಿ ಇಂಡಿಯನೋಲಾ ಅನ್ನುವ ಇನ್ನೊಂದು ಬಂದರು ಇತ್ತು. 1875ರಲ್ಲಿ ಅದಕ್ಕೆ ಹರಿಕೇನ್ ಬಡಿಯಿತು. ಜನ ಮತ್ತೆ ಕಟ್ಟಿದರು. 1886ರಲ್ಲಿ ಇನ್ನೊಂದು ಬಂತು. ಆಮೇಲೆ ಊರನ್ನೇ ಬಿಟ್ಟು ಹೋದರು. ಅದನ್ನು ನೋಡಿ ಗ್ಯಾಲ್ವೆಸ್ಟನ್ನಿನವರು ತಡೆಗೋಡೆ ಕಟ್ಟುವ ಮಾತಾಡಿದರು. ಮಾತು ಅಲ್ಲಿಗೇ ನಿಂತಿತು. ಅಲ್ಲಿನ ಹವಾಮಾನ ಕಚೇರಿಯ ಮುಖ್ಯಸ್ಥ ಐಸಾಕ್ ಕ್ಲೈನ್ 1891ರಲ್ಲಿ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಈ ಊರಿಗೆ ಹರಿಕೇನ್‌ನಿಂದ ದೊಡ್ಡ ಹಾನಿ ಆಗುತ್ತದೆ ಅನ್ನುವುದು ಬರೀ ಭ್ರಮೆ ಅನ್ನುವ ಅರ್ಥದ ಲೇಖನ ಅದು. ಗೋಡೆ ಕಟ್ಟಲಿಲ್ಲ ಅನ್ನುವುದು ಒಂದು ಕಡೆ. ಇನ್ನೊಂದು ಕಡೆ, ದಡದಲ್ಲಿ ತಾನಾಗಿ ಬೆಳೆದಿದ್ದ ಮರಳ ದಿಬ್ಬಗಳನ್ನು ಕಡಿದು ಊರಿನ ತಗ್ಗು ಜಾಗಗಳಿಗೆ ತುಂಬಿದ್ದರು. ಇದ್ದ ತಡೆಯನ್ನೂ ತಾವೇ ತೆಗೆದ ಹಾಗಾಯಿತು.

1900ರ ಸೆಪ್ಟೆಂಬರ್ 8ರಂದು ನಾಲ್ಕೂವರೆ ಮೀಟರ್‌ಗಿಂತ ಎತ್ತರದ ನೀರು ದ್ವೀಪವನ್ನು ಮುಳುಗಿಸಿತು. ದಡದ ಸಾಲಿನ ಮನೆಗಳು ಮೊದಲು ಕುಸಿದವು. ಆ ಮನೆಗಳ ಮರದ ತೊಲೆಗಳು ತೇಲಿ ಬಂದು ಹಿಂದಿನ ಸಾಲಿಗೆ ಬಡಿದವು. ಆ ಸಾಲೂ ಕುಸಿಯಿತು. ಕ್ಲೈನ್ ಅವರ ಮನೆ ಗಟ್ಟಿ ಅಂತ ನಂಬಿ ನೆರೆಹೊರೆಯವರೆಲ್ಲ ಬಂದು ಅಲ್ಲಿ ಸೇರಿದ್ದರು. ಅದೂ ಉಳಿಯಲಿಲ್ಲ. ಅವರ ಹೆಂಡತಿಯೇ ತೀರಿಕೊಂಡರು. ಆರು ಸಾವಿರದಿಂದ ಎಂಟು ಸಾವಿರ ಜನ ಸತ್ತರು ಅನ್ನುತ್ತಾರೆ. ಲೆಕ್ಕ ಇನ್ನೂ ಹೆಚ್ಚಿರಬಹುದು.

ಆಮೇಲೆ ಅವರು ಮಾಡಿದ ಕೆಲಸ ನೋಡಿ. ಸುಮಾರು ಐದು ಮೀಟರ್ ಎತ್ತರದ ಗೋಡೆ ಕಟ್ಟಿದರು. ಅದರ ಮೊದಲ ಭಾಗ 1904ರಲ್ಲಿ ಮುಗಿಯಿತು. ಅಷ್ಟಕ್ಕೇ ಬಿಡಲಿಲ್ಲ. ಎರಡು ಸಾವಿರಕ್ಕೂ ಹೆಚ್ಚು ಕಟ್ಟಡಗಳನ್ನು ಜಾಕಿ ಕೊಟ್ಟು ಎತ್ತಿ, ಕಡಲಿನಿಂದ ಮರಳು ಪಂಪ್ ಮಾಡಿ ಅವುಗಳ ಅಡಿಗೆ ತುಂಬಿ, ಊರಿನ ನೆಲವನ್ನೇ ಮೇಲೆತ್ತಿದರು. 1915ರಲ್ಲಿ ಅಷ್ಟೇ ಜೋರಿನ ಹರಿಕೇನ್ ಬಂದಾಗ ಊರಿನಲ್ಲಿ ಸತ್ತವರು ತೀರಾ ಕಡಿಮೆ. ಗೋಡೆ ಕೆಲಸ ಮಾಡಿತು. ಆದರೆ ಗೋಡೆಯ ಮುಂದಿದ್ದ ಮರಳ ದಂಡೆ ಕೊರೆದು ಹೋಯಿತು. ಈಗ ಹಣ ಕೊಟ್ಟು ಮರಳು ತಂದು ಸುರಿಯಬೇಕು. ಗೋಡೆಗೆ ಬಡಿದ ಅಲೆ ಹಿಂದೆ ಹೋಗುವಾಗ ಬುಡದ ಮರಳನ್ನು ಎಳೆದುಕೊಂಡು ಹೋಗುತ್ತದೆ. ನಮ್ಮ ಕರಾವಳಿಗೆ ಬರುವಾಗ ಈ ಮಾತನ್ನು ನೆನಪಿಡಿ.

ಈಗ ಚಂಡಮಾರುತ ಬಂದಾಗ ಮನೆಯಲ್ಲೇ ಉಳಿಯುವವರ ವಿಚಾರ. 1926ರಲ್ಲಿ ಮಯಾಮಿ ಊರಿನ ಮೇಲೆ ಹರಿಕೇನ್‌ನ ಕಣ್ಣು ಹಾದುಹೋಯಿತು. ನಡುವಿನ ಆ ಭಾಗದಲ್ಲಿ ಗಾಳಿ ಇರುವುದಿಲ್ಲ, ಆಕಾಶವೂ ತಿಳಿಯಾಗುತ್ತದೆ. ಊರಿಗೆ ಹೊಸದಾಗಿ ಬಂದು ನೆಲೆಸಿದ್ದವರು ಎಲ್ಲ ಮುಗಿಯಿತು ಅಂತ ಬೀದಿಗೆ ಬಂದರು. ಅರ್ಧ ಗಂಟೆಯಲ್ಲಿ ಇನ್ನೊಂದು ಬದಿಯ ಗಾಳಿ, ಈ ಸಲ ಎದುರು ದಿಕ್ಕಿನಿಂದ, ಅವರ ಮೇಲೆ ಬಿತ್ತು. ಸತ್ತವರಲ್ಲಿ ಎಷ್ಟೋ ಜನ ಹಾಗೆ ಹೊರಗೆ ಬಂದವರು.

ಅದು ಹಳೆಯ ಕಾಲ, ಉಪಗ್ರಹ ಇರಲಿಲ್ಲ ಅನ್ನಬಹುದು. 2022ರ ಸೆಪ್ಟೆಂಬರ್ 28ರಂದು ಇಯನ್ ಹರಿಕೇನ್ ಫ್ಲಾರಿಡಾಕ್ಕೆ ಬಂದಾಗ ಉಪಗ್ರಹವೂ ಇತ್ತು, ಎಲ್ಲರ ಕೈಯಲ್ಲಿ ಫೋನೂ ಇತ್ತು. ಆದರೂ ಫೋರ್ಟ್ ಮಯರ್ಸ್ ಬೀಚ್ ಅನ್ನುವ ದ್ವೀಪದ ಊರು ಮತ್ತು ಅದರ ಆಸುಪಾಸಿನಲ್ಲಿ ಮನೆ ಬಿಡದೆ ಉಳಿದವರು ಮುಳುಗಿ ಸತ್ತರು. ಹೆಚ್ಚಿನವರು ವಯಸ್ಸಾದವರು. ಊರು ಬಿಡಿ ಅನ್ನುವ ಆದೇಶ ಅಲ್ಲಿ ಹೊರಟಿದ್ದೇ ಹಿಂದಿನ ದಿನ ಬೆಳಿಗ್ಗೆ. ಬಿರುಗಾಳಿ ಇನ್ನಷ್ಟು ಉತ್ತರಕ್ಕೆ ಹೋಗುತ್ತದೆ ಅಂತ ಜನ ಅಂದುಕೊಂಡಿದ್ದರು.

ಉಳಿದವರನ್ನು ದಡ್ಡರು ಅನ್ನಬೇಡಿ. ನಮ್ಮ ಹೊಳೆದಂಡೆಯ ಊರುಗಳಲ್ಲಿ ನೆರೆ ಬಂದಾಗ ಯಾರು ಮನೆ ಬಿಡುವುದಿಲ್ಲ, ನೆನಪು ಮಾಡಿಕೊಳ್ಳಿ. ಕೊಟ್ಟಿಗೆಯಲ್ಲಿ ಹಾಲು ಕರೆಯುವ ಎಮ್ಮೆ ಇರುವವರು. ಹಾಸಿಗೆ ಹಿಡಿದ ಅತ್ತೆ ಇರುವವರು. ಹೋದ ಸಲ ಹೆದರಿಸಿದರು, ಏನೂ ಆಗಲಿಲ್ಲ ಅನ್ನುವವರು. ಅಮೆರಿಕದಲ್ಲೂ ಹಾಗೇ. ನಾಯಿ ಬೆಕ್ಕು ಬಿಡಲಾರದವರು, ಕಾರು ಇಲ್ಲದವರು, ಹೋಟೆಲಿಗೆ ದುಡ್ಡಿಲ್ಲದವರು, ಮೊಣಕಾಲು ನೋವಿನವರು. ಆ ದಿನ ಅವರ ಮುಂದಿದ್ದ ದಾರಿಗಳು ಬಹಳ ಕಡಿಮೆ. ಉಳಿಯಬೇಕೋ ಹೊರಡಬೇಕೋ ಅನ್ನುವ ತೀರ್ಮಾನದ ಮುಕ್ಕಾಲು ಪಾಲು, ಆ ಮರಳ ದ್ವೀಪದ ಮೇಲೆ ಸೈಟು ಮಾಡಿ, ಮಾರಿ, ಮನೆ ಕಟ್ಟಲು ಬಿಟ್ಟ ವರ್ಷವೇ ಆಗಿಹೋಗಿತ್ತು. ನಾನು ಇವತ್ತು ಹೇಳಬೇಕಾದ ಮಾತು ಇದೇ.

ಸರ್ಕಾರ ಮನಸ್ಸು ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ದೂರ ಹೋಗಬೇಕಿಲ್ಲ. 1999ರ ಅಕ್ಟೋಬರ್ 29ರ ಸೂಪರ್ ಸೈಕ್ಲೋನ್‌ನಲ್ಲಿ ಒಡಿಶಾದಲ್ಲಿ ಹತ್ತಿರ ಹತ್ತಿರ ಹತ್ತು ಸಾವಿರ ಜನ ಸತ್ತರು. ಆ ವರ್ಷವೇ ವಿಪತ್ತು ನಿರ್ವಹಣೆಗೆಂದೇ ರಾಜ್ಯ ಒಂದು ಪ್ರಾಧಿಕಾರ ಮಾಡಿತು. ತೀರದುದ್ದಕ್ಕೂ ಎತ್ತರದ ಕಂಬಗಳ ಮೇಲೆ ಆಶ್ರಯ ಕಟ್ಟಡಗಳು ಬಂದವು, ಊರೂರಲ್ಲಿ ಹುಡುಗ ಹುಡುಗಿಯರಿಗೆ ತರಬೇತಿ ಆಯಿತು. 2013ರಲ್ಲಿ ಫೈಲಿನ್ ಚಂಡಮಾರುತ ಬಂದಾಗ ಸುಮಾರು ಹತ್ತು ಲಕ್ಷ ಜನರನ್ನು ಮೊದಲೇ ಸಾಗಿಸಿದರು. ಸತ್ತವರ ಸಂಖ್ಯೆ ನೂರನ್ನೂ ಮುಟ್ಟಲಿಲ್ಲ. ಈ ಕೆಲಸಕ್ಕಾಗಿ ಒಡಿಶಾದ ಜನರಿಗೆ ನಾನು ಕೈ ಮುಗಿಯುತ್ತೇನೆ. ಇನ್ನೊಂದು ಸಂಗತಿಯೂ ಗೊತ್ತಾಯಿತು. 1999ರಲ್ಲಿ ಕೇಂದ್ರಪಾಡಾ ಜಿಲ್ಲೆಯಲ್ಲಿ ಯಾವ ಹಳ್ಳಿಗಳ ಮುಂದೆ ಮ್ಯಾಂಗ್ರೋವ್ ಕಾಡು ಅಗಲವಾಗಿ ಉಳಿದಿತ್ತೋ ಅಲ್ಲಿ ಸಾವು ಕಡಿಮೆ ಆಗಿತ್ತು. ನಮ್ಮ ಘಟ್ಟದ ಕೆಳಗಿನವರು ಕಾಂಡ್ಲಾ ಅನ್ನುತ್ತಾರಲ್ಲ, ಅದೇ.

ಈಗ ನಮ್ಮ ಕರಾವಳಿ. ಇಲ್ಲಿ ಚಂಡಮಾರುತ ನೇರವಾಗಿ ದಡ ಹತ್ತುವುದು ಅಪರೂಪ. ಹೆಚ್ಚಿನವು ದೂರದಿಂದಲೇ ಉತ್ತರಕ್ಕೋ ಒಮಾನ್ ಕಡೆಗೋ ಹೋಗುತ್ತವೆ. ಆ ಕಾರಣಕ್ಕೇ ನಮಗೆ ಧೈರ್ಯ ಜಾಸ್ತಿ. ಆದರೆ ಅರಬ್ಬಿ ಸಮುದ್ರ ಬಿಸಿಯಾಗುತ್ತಿದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು 2001ರಿಂದ 2019ರವರೆಗಿನ ಲೆಕ್ಕ ನೋಡಿ, ಅದಕ್ಕಿಂತ ಹಿಂದಿನ ಎರಡು ದಶಕಗಳಿಗೆ ಹೋಲಿಸಿದರೆ ಇಲ್ಲಿ ಚಂಡಮಾರುತಗಳು ಶೇಕಡಾ 52ರಷ್ಟು ಹೆಚ್ಚಾಗಿವೆ ಅಂದರು. 2021ರ ಮೇ ತಿಂಗಳ ತೌಕ್ತೆ ಚಂಡಮಾರುತ ದಡ ಸೇರಿದ್ದು ಗುಜರಾತಿನಲ್ಲಿ. ಹಾಗಿದ್ದರೂ ದಾರಿಯಲ್ಲಿ ಉಳ್ಳಾಲದಿಂದ ಉತ್ತರ ಕನ್ನಡದವರೆಗೆ ಮನೆ, ರಸ್ತೆ, ತೆಂಗಿನ ಮರಗಳನ್ನು ಎಳೆದುಕೊಂಡು ಹೋಯಿತು. ಅದು ನಮ್ಮನ್ನು ಮುಟ್ಟಿದ್ದು ಅಂಚಿನಿಂದ ಮಾತ್ರ.

ಅಡಿಕೆ ಬೆಳೆಗಾರರು ಇನ್ನೊಂದು ಹೆಸರು ನೆನಪಿಡಬೇಕು. ನಿಸರ್ಗ ಚಂಡಮಾರುತ, 2020ರ ಜೂನ್ 3. ಮಹಾರಾಷ್ಟ್ರದ ರಾಯಗಡ ಜಿಲ್ಲೆಯ ಶ್ರೀವರ್ಧನ ಸೀಮೆ ನಮ್ಮ ಹಾಗೆಯೇ ಅಡಿಕೆ ತೋಟಗಳ ಸೀಮೆ. ಅಲ್ಲಿನ ಅಡಿಕೆ, ತೆಂಗಿನ ತೋಟಗಳು ಒಂದು ಮಧ್ಯಾಹ್ನದಲ್ಲಿ ನೆಲಕ್ಕೆ ಬಿದ್ದವು. ಮನೆಯ ಹೆಂಚು ವಾರದಲ್ಲಿ ಹೊದಿಸಬಹುದು. ಅಡಿಕೆ ಸಸಿ ನೆಟ್ಟರೆ ಫಸಲು ಕಾಣಲು ಎಷ್ಟು ವರ್ಷ ಅಂತ ನಿಮಗೆ ನಾನು ಹೇಳಬೇಕಾ?

ಕಡಲ ದಂಡೆಯಲ್ಲಿ ಕಟ್ಟಡ ಬೇಡ ಅನ್ನುವುದು ಹೊಸ ಮಾತಲ್ಲ. 1981ರಲ್ಲೇ ಇಂದಿರಾ ಗಾಂಧಿ ಕರಾವಳಿ ರಾಜ್ಯಗಳ ಮುಖ್ಯಮಂತ್ರಿಗಳಿಗೆ ಪತ್ರ ಬರೆದು, ಉಬ್ಬರದ ಗೆರೆಯಿಂದ 500 ಮೀಟರ್‌ವರೆಗೆ ಏನೂ ಕಟ್ಟಬೇಡಿ ಅಂದಿದ್ದರು. 1991ರಲ್ಲಿ ಸಿಆರ್‌ಜೆಡ್, ಅಂದರೆ ಕರಾವಳಿ ನಿಯಂತ್ರಣ ವಲಯದ ನಿಯಮ ಬಂತು. ಹಳ್ಳಿಗಳ ಕಡೆ ಉಬ್ಬರದ ಗೆರೆಯಿಂದ 200 ಮೀಟರ್ ಒಳಗೆ ಹೊಸ ಕಟ್ಟಡ ಇಲ್ಲ ಅಂತಾಯಿತು. 2019ರ ನಿಯಮದಲ್ಲಿ, ಜನ ಒತ್ತಾಗಿರುವ ಹಳ್ಳಿಗಳಿಗೆ, ಅಂದರೆ ಚದರ ಕಿಲೋಮೀಟರಿಗೆ 2161ಕ್ಕಿಂತ ಹೆಚ್ಚು ಜನ ಇರುವಲ್ಲಿ, ಅದನ್ನು 50 ಮೀಟರಿಗೆ ಇಳಿಸಿದರು. ಮೀನುಗಾರರ ಮನೆಗಳಿಗೆ ಜಾಗ ಬೇಕು, ಅದು ನ್ಯಾಯ. ಆದರೆ ಕಡಲು ಬಿಸಿಯಾಗಿ ಏರುತ್ತಿರುವ ಹೊತ್ತಿನಲ್ಲಿ ಗೆರೆಯನ್ನು ಕಡಲಿನ ಕಡೆಗೆ ಸರಿಸಿದ್ದು ತಪ್ಪು ಅಂತಲೇ ನನ್ನ ಅಭಿಪ್ರಾಯ. ಆ 150 ಮೀಟರ್ ಖಾಲಿ ಬಿದ್ದ ಜಾಗವಾಗಿರಲಿಲ್ಲ. ಮಳೆಗಾಲದಲ್ಲಿ ಕಡಲು ಮರಳನ್ನು ಒಯ್ದು, ಬೇಸಿಗೆಯಲ್ಲಿ ಮತ್ತೆ ತಂದು ಹಾಕುವುದಕ್ಕೆ ಬೇಕಾದ ಜಾಗ ಅದು.

ಉಳ್ಳಾಲದಲ್ಲಿ, ಮರವಂತೆಯಲ್ಲಿ ಕಡಲ್ಕೊರೆತ ಶುರುವಾದಾಗೆಲ್ಲ ಕಲ್ಲು ತಂದು ಸುರಿಯುತ್ತಾರೆ. ಕಲ್ಲು ಹಾಕಿದ ಮನೆಗಳ ಮುಂದೆ ಸ್ವಲ್ಪ ದಿನ ನಿಲ್ಲುತ್ತದೆ. ಕಲ್ಲು ಮುಗಿದಲ್ಲಿ, ಪಕ್ಕದವರ ಅಂಗಳ ಕೊರೆಯಲು ಶುರುವಾಗುತ್ತದೆ. ಗ್ಯಾಲ್ವೆಸ್ಟನ್ನಿನ ಗೋಡೆಯ ಬುಡದಲ್ಲಿ ಆಗಿದ್ದು ಇದೇ ಅಲ್ವಾ?

ಇದರಲ್ಲಿ ನಮ್ಮ ಪಾಲೂ ಇದೆ. ದಂಡೆಗೆ ಮರಳು ತಂದು ಕೊಡುವುದು ಹೊಳೆಗಳು. ಘಟ್ಟದ ಮೇಲಿನ ಗುಡ್ಡಗಳಿಂದ ಬರುವ ಮರಳು. 1964ರಿಂದ ಲಿಂಗನಮಕ್ಕಿ ಅಣೆಕಟ್ಟು ಶರಾವತಿಯನ್ನು ಹಿಡಿದು ನಿಲ್ಲಿಸಿದೆ. ನೀರನ್ನು ಆಗಾಗ ಬಿಡುತ್ತೇವೆ, ಮರಳು ಮಾತ್ರ ಹಿನ್ನೀರಿನ ತಳದಲ್ಲೇ ಉಳಿಯುತ್ತದೆ. ಕೆಳಗೆ ಸೇರುವ ಅಷ್ಟಿಷ್ಟನ್ನೂ ಅಳಿವೆಗೆ ಮುಟ್ಟುವ ಮೊದಲೇ ಲಾರಿಗೆ ತುಂಬುತ್ತಾರೆ. ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಬಂದರಿನ ವಿರುದ್ಧ ಮೀನುಗಾರರು ನಡೆಸುತ್ತಿರುವ ಹೋರಾಟ ನಿಮಗೆ ಗೊತ್ತು. ಅದು ಅಳಿವೆಯ ಬಾಯಿಯ ಮರಳು. ಹೆಂಗಸರು ಮೀನು ಒಣಗಿಸುವ ಜಾಗ, ಕಡಲಾಮೆ ಮೊಟ್ಟೆ ಇಡುವ ಜಾಗ. ಅಂಥ ಮರಳು ಕಡಲು ಮತ್ತು ಹೊಳೆ ಸೇರಿ ಆಗಾಗ ಸರಿಸುತ್ತಲೇ ಇರುವಂಥದ್ದು. ಅಲ್ಲಿ ಕಾಂಕ್ರೀಟು ಹಾಕಿ ನಿಲ್ಲಿಸುತ್ತೇವೆ ಅನ್ನುವ ಮೊದಲು ಮೀನುಗಾರರ ಮಾತನ್ನು ಕೂತು ಕೇಳಬೇಕು. ಅವರಿಗೆ ಆ ಮರಳಿನ ನಡೆ ಗೊತ್ತು.

ಕೊನೆಗೆ ನಮ್ಮ ಗುಡ್ಡಗಳಿಗೆ ಬರುತ್ತೇನೆ. 2024ರ ಸೆಪ್ಟೆಂಬರ್ 26ರ ರಾತ್ರಿ ಹೆಲೀನ್ ಹರಿಕೇನ್ ಫ್ಲಾರಿಡಾದ ದಡ ಹತ್ತಿತು. ಮರುದಿನ ಅದರ ಮಳೆ ಸುಮಾರು 600 ಕಿಲೋಮೀಟರ್ ದೂರದ ನಾರ್ತ್ ಕೆರೊಲಿನಾ ಗುಡ್ಡಗಳ ಮೇಲೆ ಬಿತ್ತು. ಅಲ್ಲಿ ಆಶ್‌ವಿಲ್ ಅನ್ನುವ ಊರಿದೆ, ಹೆಚ್ಚೂಕಡಿಮೆ ನಮ್ಮ ಆಗುಂಬೆಯ ಎತ್ತರದಲ್ಲಿ. ಕಡಲಿನ ಗೊಡವೆ ಬೇಡ ಅಂತ ಕರಾವಳಿ ಬಿಟ್ಟು ಬಂದು ಅಲ್ಲಿ ನೆಲೆಸಿದವರಿದ್ದರು. ಹೆಲೀನ್ ಬರುವ ಮೊದಲೇ ಎರಡು ದಿನದ ಮಳೆಗೆ ಗುಡ್ಡ ನೆಂದಿತ್ತು. ಎರಡು ಸಾವಿರಕ್ಕೂ ಹೆಚ್ಚು ಕಡೆ ಧರೆ ಕುಸಿಯಿತು. ಆ ರಾಜ್ಯವೊಂದರಲ್ಲೇ ನೂರಕ್ಕೂ ಹೆಚ್ಚು ಜನ ಸತ್ತರು. ಹೆದ್ದಾರಿ ಹೊಳೆಗೆ ಜಾರಿತು. ಆಶ್‌ವಿಲ್‌ನ ನಲ್ಲಿಯಲ್ಲಿ ಕುಡಿಯುವ ನೀರು ಬರಲು ಏಳು ವಾರಕ್ಕಿಂತ ಜಾಸ್ತಿ ಹಿಡಿಯಿತು. ಆಶ್‌ವಿಲ್‌ನಲ್ಲಿ ಹರಿಯುವ ಫ್ರೆಂಚ್ ಬ್ರಾಡ್ ಹೊಳೆ 1916ರಲ್ಲೂ ಊರನ್ನು ಮುಳುಗಿಸಿತ್ತು. ಆಮೇಲೆ ನೂರು ವರ್ಷದಲ್ಲಿ ಜನ ಮತ್ತೆ ಹೊಳೆಯ ಪಕ್ಕಕ್ಕೇ ಬಂದು ಕಟ್ಟಿದ್ದರು.

ಆಗುಂಬೆಯಿಂದ ಕಡಲಿಗೆ ನೇರ ಅಳತೆಯಲ್ಲಿ 50 ಕಿಲೋಮೀಟರ್ ಕೂಡ ಇಲ್ಲ.

2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಗೆಂದು ಕಡಿದ ಗುಡ್ಡ ಜರಿದು ಹನ್ನೊಂದು ಜನರನ್ನು ಕಳೆದುಕೊಂಡೆವು. ಅದೇ ತಿಂಗಳ 30ರಂದು ವಯನಾಡು. ಎರಡಕ್ಕೂ ಚಂಡಮಾರುತ ಬೇಕಾಗಲಿಲ್ಲ, ಮಳೆಗಾಲದ ಮಳೆಯೇ ಸಾಕಾಯಿತು. ನಮ್ಮ ಹಳಬರು ತೋಟವನ್ನು ಕಣಿವೆಯಲ್ಲಿ ಮಾಡಿ, ಮನೆಯನ್ನು ಅದಕ್ಕಿಂತ ಮೇಲೆ, ಗಟ್ಟಿ ನೆಲದಲ್ಲಿ ಕಟ್ಟಿಕೊಂಡರು. ಅದರ ಮೇಲೆ ಸೊಪ್ಪಿನಬೆಟ್ಟ. ಬೆಟ್ಟದಿಂದ ಇಳಿಯುವ ನೀರು ಕಾಲುವೆ ಹಿಡಿದು ಹಳ್ಳಕ್ಕೆ ಹೋಗಲು ದಾರಿ ಬಿಟ್ಟಿದ್ದರು. ಈಗ ನೋಟ ಚೆನ್ನಾಗಿದೆ ಅಂತ ಗುಡ್ಡದ ನೆತ್ತಿಗೆ ಜೆಸಿಬಿ ಹತ್ತಿಸುತ್ತೇವೆ. ಧರೆಯನ್ನು ಗೋಡೆಯ ಹಾಗೆ ನೆಟ್ಟಗೆ ಕಡಿಯುತ್ತೇವೆ. ಮಣ್ಣನ್ನು ಕೆಳಗಿನ ಹಳ್ಳಕ್ಕೆ ತಳ್ಳುತ್ತೇವೆ. ಇದನ್ನು ನಿಲ್ಲಿಸಲು ಹೊಸ ಕಾನೂನಿಗೆ ಕಾಯಬೇಕಿಲ್ಲ. ಪಂಚಾಯ್ತಿಯಲ್ಲಿ ಲೈಸೆನ್ಸಿನ ಅರ್ಜಿ ಬಂದ ದಿನ ಎದ್ದು ನಿಂತು ಪ್ರಶ್ನೆ ಕೇಳಿದರೆ ಸಾಕು. ದಯವಿಟ್ಟು ಕೇಳಿ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ.

ಒಬ್ಬರು ಕೇಳಿದರು: “ಕುಂದಾಪುರದ ಹತ್ತಿರ ಕಡಲ ಪಕ್ಕ ಐದು ಸೆಂಟ್ಸ್ ನೋಡಿದ್ದೇನೆ ಸರ್. ತಗೊಳ್ಳಲೋ ಬೇಡವೋ?” ನಾನು ಹೇಳಿದ್ದು ಇಷ್ಟು. ಜಾಗವನ್ನು ಡಿಸೆಂಬರಿನಲ್ಲಿ ನೋಡಬೇಡಿ. ಜುಲೈಯಲ್ಲಿ, ಹುಣ್ಣಿಮೆ ಅಥವಾ ಅಮಾವಾಸ್ಯೆಯ ಆಸುಪಾಸಿನಲ್ಲಿ, ಉಬ್ಬರದ ಹೊತ್ತಿಗೆ ಹೋಗಿ ನಿಲ್ಲಿ. ಅಕ್ಕಪಕ್ಕದ ಹಳಬರ ಹತ್ತಿರ, ಕಡಲು ಎಲ್ಲಿಯವರೆಗೆ ಬಂದಿತ್ತು ಅಂತ ಕೇಳಿ. ಬ್ರೋಕರ್ ಹತ್ತಿರ ಕೇಳಬೇಡಿ. ಕರಾವಳಿ ನಿರ್ವಹಣಾ ನಕ್ಷೆಯಲ್ಲಿ ಆ ಸರ್ವೆ ನಂಬರ್ ಎಲ್ಲಿ ಬರುತ್ತದೆ ನೋಡಿ. ಬಾವಿಯ ನೀರನ್ನು ಏಪ್ರಿಲ್‌ನಲ್ಲಿ ಬಾಯಿಗೆ ಹಾಕಿ ನೋಡಿ, ಉಪ್ಪಾಗಿದ್ದರೆ ಕಡಲು ಆಗಲೇ ಒಳಗೆ ಬಂದಿದೆ. ಇಷ್ಟರಲ್ಲಿ ಒಂದು ಸರಿ ಇಲ್ಲದಿದ್ದರೂ ಆ ಜಾಗ ಬಿಟ್ಟುಬಿಡಿ.

ಇನ್ನೊಂದು ಪ್ರಶ್ನೆ ಒಬ್ಬ ತಾಯಿಯದು. ಮಗಳು, ಅಳಿಯ, ಮೊಮ್ಮಗು ಫ್ಲಾರಿಡಾದಲ್ಲಿದ್ದಾರೆ. ಇಲ್ಲಿ ಕೂತು ನಾನೇನು ಮಾಡಲಿ ಅಂತ ಕೇಳಿದರು. ಅಮ್ಮ, ಮೊದಲು ಅವರ ಮನೆ ಯಾವ ತೆರವು ವಲಯದಲ್ಲಿದೆ ಅಂತ ಕೇಳಿ. ಅಲ್ಲಿ ಎ, ಬಿ, ಸಿ ಅಂತ ಅಕ್ಷರ ಕೊಟ್ಟಿರುತ್ತಾರೆ. ಎ ಆದರೆ ಮೊದಲು ಹೊರಡುವವರು ಅವರೇ. ವಿಮೆಯ ಕಾಗದದಲ್ಲಿರುವ ನೆರೆ ವಲಯ ಬೇರೆ, ಇದು ಬೇರೆ. ಎರಡನ್ನೂ ಒಂದೇ ಅಂದುಕೊಳ್ಳುವವರು ಬಹಳ. ವಲಯದ ಹೊರಗೆ, ಗಟ್ಟಿ ಕಟ್ಟಡದಲ್ಲಿ ಇದ್ದರೆ ಮನೆಯಲ್ಲೇ ಉಳಿಯಬಹುದು. ಕಿಟಕಿ ಇಲ್ಲದ ಒಳಕೋಣೆಯಲ್ಲಿ ಇರಬೇಕು, ಕುಡಿಯುವ ನೀರು, ಔಷಧ, ಟಾರ್ಚು ಹತ್ತಿರ ಇರಬೇಕು. ಗಾಳಿ ತಟ್ಟನೆ ನಿಂತರೆ ಹೊರಗೆ ಬರಬಾರದು. ಕರೆಂಟು ಹೋದಮೇಲೆ ಜನರೇಟರನ್ನು ಮನೆಯೊಳಗೆ, ಗ್ಯಾರೇಜಿನೊಳಗೆ ಇಡಲೇಬಾರದು. 2020ರಲ್ಲಿ ಲಾರಾ ಹರಿಕೇನ್ ಹೋದಮೇಲೆ ಲೂಯಿಸಿಯಾನದಲ್ಲಿ ಎಷ್ಟೋ ಜನ ಆ ಹೊಗೆಯಿಂದಲೇ ಸತ್ತರು. ಹೊರಡುವುದಾದರೆ ನೂರಾರು ಮೈಲಿ ಹೋಗಬೇಕಿಲ್ಲ, ನೀರು ಬಾರದ ಎತ್ತರದಲ್ಲಿರುವ ಸ್ನೇಹಿತರ ಮನೆ ಸಾಕು. ಅಲ್ಲಿ ಜೂನ್ 1ರಿಂದ ನವೆಂಬರ್ 30ರವರೆಗೆ ಹರಿಕೇನ್ ಕಾಲ. ಯಾರ ಮನೆಗೆ ಹೋಗುತ್ತೀರಿ ಅಂತ ಈಗಲೇ ಕೇಳಿ, ಆ ಮನೆಯವರ ಫೋನ್ ನಂಬರನ್ನೂ ನೀವು ಬರೆದಿಟ್ಟುಕೊಳ್ಳಿ.